ಕೊಳಕ್ಕೂ ಹೆಪ್ಪು ಬೇಕು

ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೂ ನಮ್ಮ ಹಿತ್ತಲಿನ ಕೋಯಿ ಮೀನಿನ ಕೊಳಕ್ಕೂ ನಂಟಿದೆ ಎಂದರೆ ಮನೆಯವರು ನಗುತ್ತಾರೆ. ನಗಲಿ, ಆ ನಂಟನ್ನು ಆಮೇಲೆ ಬಿಡಿಸುತ್ತೇನೆ.

ಮೊದಲ ಸಲ ಕೊಳ ಕಟ್ಟಿಸಿದಾಗ, ನೀರು ತುಂಬಿದ ಮರುದಿನವೇ ಹನ್ನೆರಡು ಮೀನು ಬಿಟ್ಟೆ. ಎರಡು ವಾರದಲ್ಲಿ ಒಂಬತ್ತು ಸತ್ತವು. ನೀರೇನೋ ಕನ್ನಡಿಯಂತಿತ್ತು. ಪಕ್ಕದ ಮನೆಯ ಅಜ್ಜಿ, "ಹೋಗಲಿ ಬಿಡು ತಮ್ಮಾ, ಮನೆಗೆ ಬರುವ ಕಂಟಕವನ್ನು ಅವು ಹೊತ್ತುಕೊಂಡು ಹೋದವು" ಎಂದರು. ವಾಸ್ತು ನೋಡುವವರೊಬ್ಬರು ಕೊಳವನ್ನು ಈಶಾನ್ಯಕ್ಕೆ ಸರಿಸಲು ಹೇಳಿದರು. ಗುಂಡಿಯನ್ನು ಸರಿಸುವುದು ಹೇಗೆಂದು ಹೇಳಲಿಲ್ಲ. ಅಜ್ಜಿಯ ಮಾತಿನಲ್ಲಿ ಕರುಣೆಯಾದರೂ ಇತ್ತು. ಆದರೆ ಒಂಬತ್ತು ಜೀವಗಳ ಲೆಕ್ಕವನ್ನು ಕಂಟಕದ ಖಾತೆಗೆ ಬರೆದು ಕೈತೊಳೆದುಕೊಂಡರೆ, ಮುಂದಿನ ಹನ್ನೆರಡೂ ಅದೇ ದಾರಿ ಹಿಡಿಯುತ್ತವೆ.

ಕೊಂದದ್ದು ಅಮೋನಿಯಾ. ಮೀನು ಅದನ್ನು ಹೆಚ್ಚಾಗಿ ಹೊರಹಾಕುವುದು ಕಿವಿರುಗಳಿಂದ. ತಳದಲ್ಲಿ ಕಾಣುವ ಕಸ ಅದರ ಒಂದು ಪಾಲು ಮಾತ್ರ. ಒಂದು ಕಿಲೋ ಆಹಾರ ಹಾಕಿದರೆ ಸುಮಾರು 30 ಗ್ರಾಂ ಅಮೋನಿಯಾ ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ಆದ್ದರಿಂದ ತಿಳಿನೀರನ್ನು ನೋಡಿ ಮೋಸಹೋಗುತ್ತೇವೆ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7 ಇದ್ದಾಗ ಅಮೋನಿಯಾದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ಮಾತ್ರ ಕಡುವಿಷದ ರೂಪದಲ್ಲಿರುತ್ತದೆ. ಪಿಎಚ್ 8.5ಕ್ಕೆ ಏರಿದರೆ, 25 ಡಿಗ್ರಿ ಉಷ್ಣತೆಯಲ್ಲಿ, ಆ ಪಾಲು ಸುಮಾರು ಶೇಕಡಾ 15ಕ್ಕೆ ಜಿಗಿಯುತ್ತದೆ. ನೀರು ಬಿಸಿಯಾದಷ್ಟೂ ಇನ್ನೂ ಹೆಚ್ಚು. ಹೊಸ ಸಿಮೆಂಟು ಸುಣ್ಣ ಬಿಟ್ಟು ಪಿಎಚ್ ಏರಿಸುತ್ತದೆ, ನಮ್ಮ ಬೋರ್‌ವೆಲ್ ನೀರು ಗಡಸು, ಬಿಸಿಲಂತೂ ಹೇಳಬೇಕಿಲ್ಲ. ನಾನು ಮೂರನ್ನೂ ಒಟ್ಟಿಗೆ ಕೂಡಿಸಿದ್ದೆ.

ಅಮೋನಿಯಾವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡಿ ಕಿವಿರುಗಳನ್ನು ಕಂದಾಗಿಸುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಹೆಚ್ಚು ಅಪಾಯವಿಲ್ಲದ್ದು. ಇದು ಬರೀ ರಸಾಯನಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು 1877ರಲ್ಲಿ ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್. ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯಲ್ಲಿ ಕೊಳಚೆ ನೀರು ಇಳಿಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ, ಆಮೇಲೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ನಿಂತಿತು. ಆ ಜೀವಿಗಳನ್ನು ಬೇರ್ಪಡಿಸಲು 1890ರ ಹೊತ್ತಿಗೆ ರಷ್ಯಾದ ವಿಜ್ಞಾನಿ ವಿನೊಗ್ರಾಡ್ಸ್ಕಿ ಬರಬೇಕಾಯಿತು. ಉಳಿದವರು ಅವಕ್ಕೆ ಪುಷ್ಕಳ ಊಟ ಬಡಿಸಿ ಸೋತಿದ್ದರು. ಈತ ಬರೀ ಖನಿಜ ಲವಣ ಕೊಟ್ಟು ಗೆದ್ದ.

ಈಗ ತೋಪಿನ ಮಾತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ಭಾರಿ ತೋಪಿಗೆ ಬೇಕಾದ ಮದ್ದಿನ ಮುಖ್ಯ ಸರಕು ಪೆಟ್ಲುಪ್ಪು, ಅಂದರೆ ನೈಟ್ರೇಟ್. ದನ ಕಟ್ಟುವ ನೆಲ, ಹಳೆಯ ಮಣ್ಣುಗೋಡೆಗಳಲ್ಲಿ ಸೆಗಣಿ ಗಂಜಲದ ಅಮೋನಿಯಾವನ್ನು ಪೆಟ್ಲುಪ್ಪಾಗಿಸುತ್ತಿದ್ದದ್ದು ಇದೇ ಬ್ಯಾಕ್ಟೀರಿಯಾ ಕುಲ. ನನ್ನ ಕೊಳದ ಫಿಲ್ಟರಿನ ಡ್ರಮ್ಮಿನಲ್ಲಿ ಆ ಕಾರಖಾನೆಯೇ ನಡೆಯುತ್ತದೆ.

ಆದರೆ ಅವು ಮಹಾ ನಿಧಾನಿಗಳು. ಕರುಳಿನ ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾದರೆ, ಇವಕ್ಕೆ ಅರ್ಧ ದಿನ, ಒಂದು ದಿನವೇ ಬೇಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಸಾವಿರ ಜನ ಬಂದಿಳಿದಾಗ ಊರಲ್ಲಿ ಒಂದೇ ಖಾನಾವಳಿ, ಒಬ್ಬರೇ ರೊಟ್ಟಿ ಬಡಿಯುವವರು ಇದ್ದಂತೆ ಹೊಸ ಕೊಳ. ಉಪಾಯವೂ ಅಡುಗೆಮನೆಯದ್ದೇ: ಹಾಲಿಗೆ ಹೆಪ್ಪು ಹಾಕುವಂತೆ, ಹಳೆಯ ಕೊಳದ ಫಿಲ್ಟರಿನ ನಾರಿನ ತುಂಡೊಂದನ್ನು ತಂದು ಹೊಸ ಫಿಲ್ಟರಿಗೆ ಸೇರಿಸಬೇಕು. ಮೊಸರಿನ ಗಡಿಗೆಯನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಮತ್ತೆ ಮೊಸರು ನಿರೀಕ್ಷಿಸುವವರಿಲ್ಲ, ಫಿಲ್ಟರನ್ನು ಮಾತ್ರ ಕ್ಲೋರಿನ್ ಇರುವ ನಳದ ನೀರಿನಲ್ಲಿ ತಿಕ್ಕಿ ತೊಳೆಯುತ್ತೇವೆ! ಕೊಳದ ನೀರಲ್ಲೇ ಅದ್ದಿ ತೆಗೆದರೆ ಸಾಕು.

ಎರಡನೆಯ ಕೊಳ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ನಾಲ್ಕು ಅಡಿ ಆಳ. ಸುಮಾರು 9,000 ಲೀಟರ್. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಸಿಮೆಂಟು ಸೀಳುತ್ತದೆ. ಅದಕ್ಕೆ ಗರಸು ತುಂಬಿ, ಕೃಷಿಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ಎರಡು ಗಂಟೆಗೊಮ್ಮೆ ಎಲ್ಲ ನೀರು ಫಿಲ್ಟರಿನಲ್ಲಿ ಹಾಯಲೆಂದು ಗಂಟೆಗೆ 5,000 ಲೀಟರಿನ ಪಂಪು. ಮೊದಲ ಡ್ರಮ್ಮಿನಲ್ಲಿ ಕಸ ಹಿಡಿಯುವ ಬ್ರಷ್, ಎರಡನೆಯದರಲ್ಲಿ ಬ್ಯಾಕ್ಟೀರಿಯಾಗಳಿಗೆ ಮನೆಯಾಗುವ ನಾರು. ಮೇಲೆ ನೆರಳಿನ ಬಲೆ.

ಗಾಳಿ ಪಂಪಿಗೆ ಮಾತ್ರ ಇನ್ವರ್ಟರ್ ಕೊಡಲೇಬೇಕು. ಕೋಯಿ ಜಪಾನಿನ ನೀಗಾತಾದ ಗುಡ್ಡಗಾಡಿನ ರೈತರು ಸಾಮಾನ್ಯ ಗೆಂಡೆ ಮೀನಿನಿಂದ ಬಣ್ಣ ಆರಿಸಿ ಬೆಳೆಸಿದ ತಳಿ, ಚಳಿ ತಡೆದೀತು, ತೊಂದರೆ ಬಿಸಿನೀರಿನದ್ದು. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆಯಷ್ಟೇ. ಆ ಹೊತ್ತಿಗೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಹಸಿವು ಹೆಚ್ಚಿರುತ್ತದೆ. ಏಪ್ರಿಲ್ ರಾತ್ರಿ ಕರೆಂಟು ಹೋದರೆ ಇಬ್ಬರೂ ಒಂದೇ ಉಸಿರಿಗೆ ಜಗಳವಾಡುತ್ತಾರೆ.

ಈ ಸಲ ಮೊದಲು ಮೂರೇ ಮೀನು ಬಿಟ್ಟೆ, ಐದನೇ ವಾರಕ್ಕೆ ಇನ್ನು ಮೂರು. ಆರೂ ಇವೆ. ವಾರಕ್ಕೊಮ್ಮೆ ಹೊರತೆಗೆಯುವ ನೂರಾರು ಲೀಟರ್ ನೀರು, ಒಂದು ಕಾಲಕ್ಕೆ ತೋಪು ಸಿಡಿಸುತ್ತಿದ್ದ ಆ ನೈಟ್ರೇಟಿನೊಂದಿಗೆ, ಲಿಂಬೆಗಿಡದ ಬುಡಕ್ಕೆ ಹೋಗುತ್ತದೆ. ಅಜ್ಜಿ ಈಗ ಬಂದರೆ ಮೀನಿನ ಸುದ್ದಿ ಕೇಳುವುದಿಲ್ಲ, ಉಪ್ಪಿನಕಾಯಿಗೆ ಲಿಂಬೆ ಕೇಳುತ್ತಾರೆ.