ತಲೆಗೆ ಆಪರೇಷನ್, ತೊಡೆಯಲ್ಲಿ ಯಾಕೆ ಹೊಲಿಗೆ?

ಪ್ರಶ್ನೆ: ನಮ್ಮ ಅತ್ತೆಗೆ ಮೆದುಳಿನ ಗೆಡ್ಡೆ ತೆಗೆದರು. ಆಮೇಲೆ ನೋಡಿದರೆ ತೊಡೆಯಲ್ಲೂ ಉದ್ದಕ್ಕೆ ಹೊಲಿಗೆ! ತೊಡೆ ಯಾಕೆ ಕೊಯ್ದರು?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಗಾಬರಿ ಬೇಡ. ತಲೆಯೊಳಗೆ ಹಾಕಲು ಒಂದು ತೇಪೆ ಬೇಕಿತ್ತು, ಅದನ್ನು ತೊಡೆಯಿಂದ ತೆಗೆದಿದ್ದಾರೆ.

ಮೆದುಳಿಗೆ ಮೂರು ಪೊರೆಗಳಿವೆ. ಹೊರಗಿನ ಗಟ್ಟಿ ಪೊರೆಯೇ ಡ್ಯೂರಾ. ಮೆದುಳಿನ ಸುತ್ತ ಇರುವ ನೀರು ಸೋರದಂತೆ ಹಿಡಿದಿಡುವುದು ಅದರ ದೊಡ್ಡ ಕೆಲಸ. ಈ ನೀರು ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ಕೆಲವು ಗೆಡ್ಡೆಗಳು ಡ್ಯೂರಾಕ್ಕೆ ಅಂಟಿಕೊಂಡೇ ಬೆಳೆಯುತ್ತವೆ. ಆಗ ಪೊರೆಯ ಆ ಭಾಗವನ್ನೂ ಕತ್ತರಿಸಿ ತೆಗೆಯಬೇಕಾಗುತ್ತದೆ. ಬೈಕ್‌ನಿಂದ ಬಿದ್ದು ಬುರುಡೆ ಒಡೆದವರಲ್ಲೂ ಡ್ಯೂರಾ ಹರಿದಿರಬಹುದು. ಅಂಚುಗಳು ಕೂಡದಿದ್ದರೆ ತೇಪೆ ಬೇಕೇ ಬೇಕು ಅಲ್ವಾ?

ಹತ್ತಿರದಲ್ಲೇ ಸಿಗುವುದು ತಲೆಚರ್ಮದ ಕೆಳಗೆ, ಬುರುಡೆಗೆ ಅಂಟಿಕೊಂಡಿರುವ ಪೊರೆ. ಅದಕ್ಕೆ ಬೇರೆ ಗಾಯ ಮಾಡಬೇಕಿಲ್ಲ. ಅದು ಸಾಲದಿದ್ದರೆ, ಇಲ್ಲವೇ ಹಾಳಾಗಿದ್ದರೆ, ತೊಡೆಯ ಹೊರಬದಿಯಲ್ಲಿ ಸ್ನಾಯುವಿನ ಮೇಲಿರುವ ಗಟ್ಟಿ ಪೊರೆಯನ್ನು ತೆಗೆಯುತ್ತಾರೆ. ಅಲ್ಲಿ ಅಗಲವಾದ ತುಂಡು ಸಿಗುತ್ತದೆ. ಆ ತೇಪೆಯನ್ನು ಡ್ಯೂರಾಕ್ಕೆ ಹೊಲಿದ ಮೇಲೆ, ಅರಿವಳಿಕೆ ಡಾಕ್ಟರ್ ಶ್ವಾಸಕೋಶದ ಒತ್ತಡವನ್ನು ಸ್ವಲ್ಪ ಹೊತ್ತು ಏರಿಸುವುದುಂಟು. ಅದರಿಂದ ತಲೆಯೊಳಗಿನ ಒತ್ತಡವೂ ಏರುತ್ತದೆ, ಹೊಲಿಗೆಯಲ್ಲಿ ನೀರು ಜಿನುಗಿದರೆ ಆಗಲೇ ಕಾಣುತ್ತದೆ.

ರೆಡಿಮೇಡ್ ತೇಪೆಗಳೂ ಇವೆ, ಎಷ್ಟೋ ಜನರಿಗೆ ಚೆನ್ನಾಗಿಯೇ ಹೊಂದುತ್ತವೆ. ಆದರೆ ಸ್ವಂತ ಪೊರೆಯನ್ನು ಮೈ ಬೇರೆಯದೆಂದು ದೂರ ತಳ್ಳುವುದಿಲ್ಲ, ಬೇರೆಯವರ ರೋಗವೂ ಅಂಟುವುದಿಲ್ಲ. ರೋಗ ಅಂಟುವ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಮೃತರಿಂದ ತೆಗೆದ ಡ್ಯೂರಾವನ್ನು ತೇಪೆಯಾಗಿ ಬಳಸುತ್ತಿದ್ದರು. ಅದರಿಂದ ಮೆದುಳನ್ನು ಹಾಳುಮಾಡುವ, ಮದ್ದಿಲ್ಲದ ರೋಗ ಹರಡಿದ್ದು 1987ರಲ್ಲಿ ಬೆಳಕಿಗೆ ಬಂತು. ಜಪಾನ್ ಒಂದರಲ್ಲೇ ನೂರಕ್ಕೂ ಜಾಸ್ತಿ ಜನರಿಗೆ ಅದು ತಗುಲಿತು. ಅದಕ್ಕೇ, ಆಗುವಲ್ಲೆಲ್ಲ ಸ್ವಂತ ಪೊರೆಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ತೊಡೆಯ ವಿಷಯವನ್ನು ಮೊದಲೇ ನಿಮಗೆ ಬಿಡಿಸಿ ಹೇಳಬೇಕಿತ್ತು. ಸುಮ್ಮನೆ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಸಾಲದು.

ನಡೆಯುವಾಗ ತೊಡೆ ಕೆಲವು ದಿನ ನೋಯಬಹುದು. ಆದರೆ ಮೂಗಿನಿಂದಲೋ ತಲೆಯ ಗಾಯದಿಂದಲೋ ತಿಳಿನೀರು ಸೋರಿದರೆ, ಎದ್ದು ಕೂತಾಗ ತಲೆನೋವು ಜೋರಾದರೆ, ಜ್ವರದ ಜೊತೆ ಕತ್ತು ಬಿಗಿದರೆ, ಮುಂದಿನ ಚೆಕಪ್‌ವರೆಗೆ ಕಾಯಬೇಡಿ. ಅತ್ತೆಯನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.