ಅಳತೆ ಕೊಟ್ಟು ಹೊಲಿಸಿದ ಎಂಜಿನ್‌ಗಳು

"ಸರ, ಆಲ್ಕೊ ಯಾಕ ಹಿಂಗ ಹೊಗಿ ಕಾರತದ? ಜೀಎಂ ಯಾಕ ಕಾರೂದಿಲ್ಲ?"

ರೈಲು ಎಂಜಿನ್‌ಗಳ ಡೀಸೆಲ್ ಶೆಡ್ಡಿಗೆ ಹೊಸದಾಗಿ ಬಂದ ಅಪ್ರೆಂಟಿಸ್ ಹುಡುಗರು ಮೊದಲ ವಾರದಲ್ಲೇ ಕೇಳುತ್ತಿದ್ದ ಪ್ರಶ್ನೆ ಇದು. ಉತ್ತರ ಸುಲಭ. ಆಲ್ಕೊ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ತಿರುಗುವುದು ಹೊರಹೋಗುವ ಹೊಗೆಯ ಬಲದಿಂದ. ಡ್ರೈವರ್ ನಾಚ್ (ವೇಗದ ಹಿಡಿಕೆಯ ಮೆಟ್ಟಿಲು) ಏರಿಸಿದ ಕೂಡಲೇ ಡೀಸೆಲ್ ಬಂದುಬಿಡುತ್ತದೆ. ಟರ್ಬೊ ವೇಗ ಹಿಡಿದು ಗಾಳಿ ಒದಗಿಸುವುದು ಕೆಲವು ಕ್ಷಣ ತಡ. ಅಷ್ಟರಲ್ಲಿ ಅರೆಬೆಂದ ಎಣ್ಣೆ ಕರಿಮೋಡವಾಗಿ ಮೇಲೇಳುತ್ತದೆ. ಜೀಎಂ, ಅಂದರೆ ಜನರಲ್ ಮೋಟಾರ್ಸ್‌ನ ಎಲೆಕ್ಟ್ರೊ-ಮೋಟಿವ್ ವಿಭಾಗದ (ಇಎಂಡಿ) ಎಂಜಿನ್, ಟೂ-ಸ್ಟ್ರೋಕ್. ಹೊರಗಿನಿಂದ ಗಾಳಿ ದೂಡದಿದ್ದರೆ ಅದು ಸ್ಟಾರ್ಟೇ ಆಗುವುದಿಲ್ಲ. ಹಾಗಾಗಿ ಅದರ ಟರ್ಬೊವನ್ನು ಮೊದಲು ಎಂಜಿನ್ನೇ ಗೇರು ಕೊಟ್ಟು ತಿರುಗಿಸುತ್ತದೆ. ಹೊಗೆಗೆ ಸಾಕಷ್ಟು ಕಸುವು ಬಂದ ಮೇಲೆ ಒಂದು ಕ್ಲಚ್ ಬಿಟ್ಟುಕೊಂಡು, ಟರ್ಬೊ ತನ್ನಷ್ಟಕ್ಕೆ ಓಡುತ್ತದೆ.

ಎರಡೂ ಅಮೆರಿಕದವೇ. ಆಲ್ಕೊ ಎಂದರೆ ಅಮೆರಿಕನ್ ಲೋಕೊಮೋಟಿವ್ ಕಂಪನಿ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನದು. ಅದು ಬಾಗಿಲು ಹಾಕಿದ್ದು 1969ರಲ್ಲಿ. ಹುಡುಗರ ಮುಂದಿನ ಪ್ರಶ್ನೆ ಯಾವಾಗಲೂ ಇದೇ: ಹೊಗೆಯಿಂದಲೇ ಮುಳುಗಿತೇ? ಅಲ್ಲ. ಹೊಗೆಯನ್ನು ಗಿರಾಕಿ ಸಹಿಸಿಕೊಳ್ಳುತ್ತಾನೆ. ರಿಪೇರಿಗೆ ನಿಂತ ಲೋಕೊವನ್ನು ಸಹಿಸುವುದಿಲ್ಲ.

ಇದು ತಿಳಿಯಬೇಕಾದರೆ ಉಗಿಯ ಕಾಲದಿಂದ ಬರಬೇಕು. ಅಮೆರಿಕದವರು ಮೊದಮೊದಲು ಉಗಿಬಂಡಿಗಳನ್ನು ಇಂಗ್ಲೆಂಡಿನಿಂದ ತರಿಸಿದರು. 1831ರಲ್ಲಿ ಸ್ಟೀಫನ್‌ಸನ್ ಕಾರ್ಖಾನೆಯ 'ಜಾನ್ ಬುಲ್' ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಯಿತು. ಅದನ್ನು ಜೋಡಿಸಿದ ಐಸಾಕ್ ಡ್ರಿಪ್ಸ್ ಎಂಬ ಎಳೆಯ ಮೆಕ್ಯಾನಿಕ್ ಅದಕ್ಕೂ ಮುಂಚೆ ಉಗಿಬಂಡಿಯನ್ನೇ ಕಂಡವನಲ್ಲ. ಜೋಡಿಸಿ ಓಡಿಸಿದರೆ ತಿರುವಿನಲ್ಲಿ ಹಳಿ ತಪ್ಪುವ ಕಾಟ. ಇಂಗ್ಲೆಂಡಿನ ಹಳಿ ಗಟ್ಟಿ ಪಾಯದ ಮೇಲೆ ನೆಟ್ಟಗೆ ಮಲಗಿರುತ್ತಿತ್ತು. ಅಮೆರಿಕದವರಿಗೆ ದೂರ ಜಾಸ್ತಿ, ದುಡ್ಡು ಕಮ್ಮಿ. ಮರದ ದಿಮ್ಮಿಗೆ ಕಬ್ಬಿಣದ ಪಟ್ಟಿ ಬಡಿದು ಅದನ್ನೇ ಹಳಿ ಎಂದವರು ಅವರು. ಬಂಡಿಯ ಮುಂದೆ ಎರಡು ಪುಟ್ಟ ಗಾಲಿಗಳನ್ನು ಕಟ್ಟಿ, ದಾರಿ ತೋರುವ ಕೆಲಸವನ್ನು ಅವಕ್ಕೆ ವಹಿಸಿದರು. 1832ರಲ್ಲಿ ಜಾನ್ ಜರ್ವಿಸ್ ಇದನ್ನೇ ಇನ್ನೂ ಅಚ್ಚುಕಟ್ಟು ಮಾಡಿ, ನಾಲ್ಕು ಗಾಲಿಯ ತಿರುಗುವ ಟ್ರಕ್ (ಗಾಲಿಗಳ ಚೌಕಟ್ಟು) ಇಟ್ಟರು.

ಇದಾದ ಮೇಲೆ ಬಂದದ್ದು ಈಕ್ವಲೈಸರ್. ನನ್ನ ಲೆಕ್ಕದಲ್ಲಿ ಅಮೆರಿಕದ ಮೊದಲ ದೊಡ್ಡ ಬುದ್ಧಿವಂತಿಕೆ ಇದು. ಎಳೆಯುವ ಗಾಲಿಗಳ ನಡುವೆ ತಕ್ಕಡಿ ದಂಡದಂಥ ಒಂದು ಸನ್ನೆ ಕೂರಿಸಿದರೆ, ಒಂದು ಗಾಲಿ ಗುಂಡಿಗಿಳಿದಾಗ ಭಾರ ಇನ್ನೊಂದಕ್ಕೂ ಹಂಚಿಕೊಳ್ಳುತ್ತದೆ. ಎಡದ ಸನ್ನೆ ಒಂದು, ಬಲದ್ದು ಒಂದು, ಮುಂದಿನ ಟ್ರಕ್ ಒಂದು. ಬಂಡಿ ನಿಲ್ಲುವುದು ಈ ಮೂರು ಬಿಂದುಗಳ ಮೇಲೆ. ನಾಲ್ಕು ಕಾಲಿನ ಸ್ಟೂಲು ಮಣ್ಣಿನ ನೆಲದಲ್ಲಿ ಕುಂಟುತ್ತದೆ, ಮುಕ್ಕಾಲಿ ಕುಂಟುವುದಿಲ್ಲ. ಎಂಟು ಗಾಲಿಯ ಅಮೆರಿಕನ್ ಮಾದರಿ ಅರ್ಧ ಶತಮಾನ ಆ ದೇಶವನ್ನು ಎಳೆದದ್ದು ಈ ಮುಕ್ಕಾಲಿ ಲೆಕ್ಕದಲ್ಲೇ.

ಇನ್ನು ಕಟ್ಟುವವರ ವಿಷಯ. ಫಿಲಡೆಲ್ಫಿಯಾದ ಮಥಾಯಸ್ ಬಾಲ್ಡ್ವಿನ್ ಮೂಲತಃ ಆಭರಣ ಕೆಲಸದವರು. 1832ರಲ್ಲಿ ಅವರು ಕಟ್ಟಿದ 'ಓಲ್ಡ್ ಐರನ್‌ಸೈಡ್ಸ್' ಬಿಸಿಲಿದ್ದ ದಿನ ಮಾತ್ರ ಓಡುತ್ತಿತ್ತು. ಮಳೆ ಬಂದರೆ ಬೋಗಿಗಳಿಗೆ ಕುದುರೆ ಕಟ್ಟುತ್ತಾರೆಂದು ರೈಲು ಕಂಪನಿಯೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. 4,000 ಡಾಲರಿಗೆ ಮಾತಾಗಿತ್ತು, ಚೌಕಾಸಿ ಮಾಡಿ ಕೊಟ್ಟದ್ದು 3,500. ಇನ್ನು ಈ ಕಸುಬೇ ಬೇಡ ಎಂದು ಬಾಲ್ಡ್ವಿನ್ ಬೇಸರಪಟ್ಟರಂತೆ. ಬೇಡವೆಂದವರ ಕಾರ್ಖಾನೆ ಮುಂದೆ 70,000ಕ್ಕೂ ಹೆಚ್ಚು ಲೋಕೊ ಕಟ್ಟಿತು. 1906ರ ಒಂದೇ ವರ್ಷದಲ್ಲಿ 2,600ಕ್ಕೂ ಮಿಕ್ಕಿ. ನಮ್ಮ ದೇಶದ ಹೆಸರಾಂತ ಡಬ್ಲ್ಯುಪಿ ಉಗಿಬಂಡಿಗಳಲ್ಲಿ ಮೊದಲ ಹದಿನಾರು 1947ರಲ್ಲಿ ಬಂದದ್ದೂ ಅಲ್ಲಿಂದಲೇ.

ಇಷ್ಟೊಂದು ಕಟ್ಟಿದರೂ ಬಾಲ್ಡ್ವಿನ್‌ನದು ದರ್ಜಿ ಅಂಗಡಿಯ ವ್ಯಾಪಾರ. ಪ್ರತಿ ರೈಲು ಕಂಪನಿಯಲ್ಲೂ ಒಬ್ಬ ಮುಖ್ಯ ಮೆಕ್ಯಾನಿಕಲ್ ಅಧಿಕಾರಿ. ಅವರವರದ್ದೇ ಅಳತೆ, ಅವರವರದ್ದೇ ಹಟ. ಬಾಯ್ಲರ್ ಇಷ್ಟು, ಗಾಲಿ ಅಷ್ಟು, ಗುಮ್ಮಟ ಹೀಗಿರಲಿ ಎಂದರೆ ಕಾರ್ಖಾನೆ ಹಾಗೇ ಹೊಲಿದು ಕೊಡಬೇಕು. 1901ರಲ್ಲಿ ಎಂಟು ಕಾರ್ಖಾನೆಗಳು ಕೂಡಿ ಆಲ್ಕೊ ಆದಾಗಲೂ ಪದ್ಧತಿ ಬದಲಾಗಲಿಲ್ಲ. ಯೂನಿಯನ್ ಪೆಸಿಫಿಕ್ ಕಂಪನಿಗೆ 1941ರಿಂದ ಆಲ್ಕೊ ಕಟ್ಟಿಕೊಟ್ಟ 'ಬಿಗ್ ಬಾಯ್' ಜಗತ್ಪ್ರಸಿದ್ಧ. ಆದರೆ ಕಟ್ಟಿದ್ದು ಇಪ್ಪತ್ತೈದೇ. ಬೇರೆ ಯಾರ ಮೈಗೂ ಆಗದ ಅಂಗಿ ಅದು.

ರೆಡಿಮೇಡ್ ಅಂಗಿ ತಂದವರು ಜನರಲ್ ಮೋಟಾರ್ಸ್‌ನವರು. 1930ರಲ್ಲಿ ಎಲೆಕ್ಟ್ರೊ-ಮೋಟಿವ್ ಎಂಬ ಚಿಕ್ಕ ಕಂಪನಿಯನ್ನೂ ವಿಂಟನ್ ಎಂಜಿನ್ ಕಾರ್ಖಾನೆಯನ್ನೂ ಕೊಂಡರು. ಅದೇ ವರ್ಷ ಬಾಲ್ಡ್ವಿನ್‌ನ ಅಧ್ಯಕ್ಷ ಸ್ಯಾಮ್ಯುಯೆಲ್ ವಾಕ್ಲೇನ್, 1980ರವರೆಗೂ ಉಗಿಯದೇ ರಾಜ್ಯಭಾರ ಎಂದು ಭಾಷಣ ಮಾಡಿದ್ದರು. 1939ರಲ್ಲಿ ಎಲೆಕ್ಟ್ರೊ-ಮೋಟಿವ್‌ನ 'ಎಫ್‌ಟಿ' ಡೀಸೆಲ್ ಲೋಕೊ ಹೊರಬಿತ್ತು. ನಾಲ್ಕು ಘಟಕ ಸೇರಿ 5,400 ಅಶ್ವಶಕ್ತಿ. ಹನ್ನೊಂದು ತಿಂಗಳು, ಸುಮಾರು ಇಪ್ಪತ್ತು ಕಂಪನಿಗಳ ಹಳಿಯ ಮೇಲೆ, 83,000 ಮೈಲಿ ಓಡಿಸಿ ತೋರಿಸಿದರು. ಮರುಭೂಮಿಯಲ್ಲಿ ಬಾಯ್ಲರಿಗೆ ನೀರು ಹೊತ್ತು ಬೇಸತ್ತಿದ್ದ ಸಾಂಟಾ ಫೆ ಕಂಪನಿ ಮುಂದೆ ಬಂದು ಕೊಂಡಿತು. ಬಣ್ಣ ನಿಮ್ಮದು, ಉಳಿದದ್ದು ನಮ್ಮದು ಎಂಬುದೇ ಹೊಸ ವ್ಯಾಪಾರದ ಧಾಟಿ.

ಆ ಧಾಟಿಯ ಬೆಲೆ ಏನೆಂದು ಶೆಡ್ಡಿನಲ್ಲಿ ರಿಪೇರಿ ನಡೆಯುವ ಪಿಟ್ ಲೈನಿನಲ್ಲಿ ನಿಂತವರಿಗೆ ಗೊತ್ತು. ಆಲ್ಕೊದಲ್ಲಿ ಒಂದು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಕೆಟ್ಟಿತೆನ್ನಿ. ನೀರು, ಎಣ್ಣೆ, ಹೊಗೆಯ ಪೈಪುಗಳನ್ನು ಬಿಚ್ಚಿ, ಮೇಲಿನ ಮುಚ್ಚಳವಾದ ಹೆಡ್ ಎತ್ತಿ ಪಕ್ಕಕ್ಕಿಟ್ಟು, ಕೆಳಗಿನಿಂದ ಕನೆಕ್ಟಿಂಗ್ ರಾಡ್ ಬಿಡಿಸಿ, ಪಿಸ್ಟನ್ ಮೇಲೆಳೆದು, ಕೊನೆಗೆ ಪುಲ್ಲರ್ ಹಾಕಿ ಲೈನರ್ ಕೀಳಬೇಕು. ಇಎಂಡಿಯಲ್ಲಿ ಹೆಡ್, ಲೈನರ್, ಪಿಸ್ಟನ್, ರಾಡ್ ನಾಲ್ಕೂ ಸೇರಿ ಒಂದೇ ಪವರ್ ಅಸೆಂಬ್ಲಿ. ಕ್ರೇನಿಗೆ ಕೊಕ್ಕೆ ಹಾಕಿ, ಬಾವಿಯಿಂದ ಕೊಡ ಸೇದಿದಂತೆ ಇಡಿಯಾಗಿ ಮೇಲಕ್ಕೆತ್ತಿ, ಸಿದ್ಧವಿದ್ದ ಇನ್ನೊಂದನ್ನು ಇಳಿಸಿದರೆ ಆಯಿತು. ಕೆಟ್ಟದ್ದನ್ನು ಆಮೇಲೆ ಬೆಂಚಿನ ಮೇಲೆ ಇಟ್ಟುಕೊಂಡು ಪುರುಸೊತ್ತಿನಲ್ಲಿ ಬಿಚ್ಚಬಹುದು. ಅಷ್ಟೇ ಅಲ್ಲ, 1960ರ ದಶಕದಲ್ಲಿ ಬಂದ 645 ಎಂಜಿನ್ನಿನ ಅಸೆಂಬ್ಲಿ, ಅದಕ್ಕೂ ಹಿಂದಿನ 567ರ ಕೊನೆಯ ಬ್ಲಾಕುಗಳಲ್ಲಿ ಸಲೀಸಾಗಿ ಕೂರುತ್ತದೆ. ಹೊಸದನ್ನು ಮಾಡುವಾಗ ಹಳೆಯ ಗಿರಾಕಿಯನ್ನು ನೆನಪಿನಲ್ಲಿಟ್ಟುಕೊಂಡ ಕೆಲಸ ಇದು.

ಯುದ್ಧವೇ ಆಲ್ಕೊವನ್ನು ಕೆಡಿಸಿತು ಎನ್ನುವವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ದೂರದ ಗೂಡ್ಸ್ ಎಳೆಯುವ ಡೀಸೆಲ್ ಕಟ್ಟುವ ಅವಕಾಶವನ್ನು ಸರ್ಕಾರ ಇಎಂಡಿಗೆ ಕೊಟ್ಟು, ಆಲ್ಕೊ ಮತ್ತು ಬಾಲ್ಡ್ವಿನ್‌ಗೆ ಉಗಿಬಂಡಿ ಮತ್ತು ಶಂಟಿಂಗ್ ಡೀಸೆಲ್ ಹಚ್ಚಿದ್ದು ನಿಜ. ಆದರೆ ಅದು ಅರ್ಧ ಕಥೆ. ಯುದ್ಧ ಮುಗಿದಾಗ ಅಮೆರಿಕದ ಎಲ್ಲ ಕಂಪನಿಗಳೂ ಡೀಸೆಲ್‌ಗೆ ಕೈಚಾಚಿ ನಿಂತಿದ್ದವು. ಆಗ ಆಲ್ಕೊ ಅವಸರದಲ್ಲಿ ಕೊಟ್ಟದ್ದು 244 ಎಂಬ ಎಂಜಿನ್. ಕ್ರ್ಯಾಂಕ್‌ಶಾಫ್ಟ್ ಮುರಿಯುವುದು, ಟರ್ಬೊ ಸುಡುವುದು ನಿತ್ಯದ ಗೋಳಾಯಿತು. ಅರೆಬೆಂದ ಅನ್ನ ಬಡಿಸಿದ ಖಾನಾವಳಿಗೆ ಮತ್ತೆ ಯಾರು ಹೋಗುತ್ತಾರೆ? 1950ರ ದಶಕದ ನಡುವೆ 251 ಎಂಬ ಗಟ್ಟಿ ಎಂಜಿನ್ ಬರುವಷ್ಟರಲ್ಲಿ ಗಿರಾಕಿಗಳು ಚದುರಿದ್ದರು. ಮೋಟಾರು, ಜನರೇಟರು ಒದಗಿಸುತ್ತಿದ್ದ ಜೊತೆಗಾರ ಜನರಲ್ ಎಲೆಕ್ಟ್ರಿಕ್ 1953ರಲ್ಲಿ ಪಾಲು ಬಿಡಿಸಿಕೊಂಡು, 1960ರ ಸುಮಾರಿಗೆ 'ಯು25ಬಿ' ಎಂಬ ಡೀಸೆಲ್ ಲೋಕೊ ಹಿಡಿದು ತಾನೇ ಎದುರಾಳಿಯಾಗಿ ನಿಂತಿತು. ಬಾಲ್ಡ್ವಿನ್ 1956ರಲ್ಲೇ ಲೋಕೊ ಕಟ್ಟುವುದನ್ನು ಬಿಟ್ಟಿತ್ತು.

ತವರಿನಲ್ಲಿ ಬೆಲೆ ಸಿಗದ ಆ 251ಕ್ಕೆ ಬೆಲೆ ಸಿಕ್ಕಿದ್ದು ನಮ್ಮಲ್ಲಿ. 1962ರಲ್ಲಿ ಮೊದಲ ಡಬ್ಲ್ಯುಡಿಎಂ-2 ಲೋಕೊಗಳು ಅಮೆರಿಕದಿಂದ ಬಂದವು. 1964ರ ಜನವರಿಯಿಂದ ವಾರಾಣಸಿಯಲ್ಲೇ ಕಟ್ಟತೊಡಗಿದರು. ಮೀಟರ್ ಗೇಜ್ ಕಾಲದಲ್ಲಿ ಮೈಸೂರು ಕಡೆ ಓಡಾಡಿದವರಿಗೆ ನೆನಪಿರುವ ವೈಡಿಎಂ-4, ಇದೇ 251ರ ಆರು ಸಿಲಿಂಡರಿನ ತಮ್ಮ. 1999ರಲ್ಲಿ ಇಎಂಡಿಯ ಡಬ್ಲ್ಯುಡಿಜಿ-4 ಮೊದಲು ಹುಬ್ಬಳ್ಳಿಗೆ ಬಂದಾಗ ಆಲ್ಕೊ ಕಾಲ ಮುಗಿಯಿತು ಎಂದುಕೊಂಡಿದ್ದೆವು. ಮುಗಿಯಲಿಲ್ಲ. ಡಬ್ಲ್ಯುಡಿಎಂ-2ರಲ್ಲಿ 2,600 ಅಶ್ವಶಕ್ತಿ ಕೊಡುತ್ತಿದ್ದ ಹದಿನಾರು ಸಿಲಿಂಡರಿನ ಆ ಎಂಜಿನ್ನನ್ನೇ ವಾರಾಣಸಿಯವರು ತಿದ್ದಿ ತೀಡಿ, ಡಬ್ಲ್ಯುಡಿಎಂ-3ಡಿಯಲ್ಲಿ 3,300ಕ್ಕೆ ಏರಿಸಿದರು. ಸ್ಕೆನೆಕ್ಟಡಿಯ ಕಾರ್ಖಾನೆ ಮುಚ್ಚಿ ಆಗಲೇ ಮೂವತ್ತು ವರ್ಷ ಕಳೆದಿತ್ತು.