ಒಡೆಯಲಾಗದ ಬೀಗವನ್ನು ಏಕೆ ಹಾಕುವುದಿಲ್ಲ?

ಪ್ರಶ್ನೆ: ದೊಡ್ಡ ದೊಡ್ಡ ತಂತ್ರಾಂಶ ಕಂಪನಿಗಳ ಬಳಿ ಬೇಕಾದಷ್ಟು ಹಣವಿದೆ, ಸಾವಿರಾರು ಎಂಜಿನಿಯರುಗಳಿದ್ದಾರೆ. ಹೀಗಿದ್ದೂ ಯಾರೂ ನಕಲು ಮಾಡಲಾಗದಂಥ ಭದ್ರವಾದ ಬೀಗವನ್ನು ತಮ್ಮ ತಂತ್ರಾಂಶಕ್ಕೆ ಹಾಕಲು ಅವರಿಗೆ ಏಕೆ ಸಾಧ್ಯವಾಗಿಲ್ಲ? ಅಥವಾ ಬೇಕೆಂದೇ ಸಡಿಲ ಬಿಟ್ಟಿದ್ದಾರೆಯೇ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕಾಲೇಜು ವಿದ್ಯಾರ್ಥಿಗಳು ಕೇಳಿದ್ದಾರೆ, ನಿವೃತ್ತ ಅಧಿಕಾರಿಗಳು ಕೇಳಿದ್ದಾರೆ, ಕಂಪ್ಯೂಟರ್ ರಿಪೇರಿಯನ್ನೇ ಕಸುಬಾಗಿಸಿಕೊಂಡವರೂ ಕೇಳಿದ್ದಾರೆ. ಈ ಸಲದ ಪತ್ರದಲ್ಲಿ ಪ್ರಶ್ನೆಯ ಜೊತೆಗೆ ಒಂದು ಒಗ್ಗರಣೆಯೂ ಇತ್ತು: “ಬ್ಯಾಂಕಿನ ಆನ್‌ಲೈನ್ ವ್ಯವಹಾರವನ್ನು ಅಷ್ಟು ಭದ್ರವಾಗಿ ಮಾಡಲು ಬರುವವರಿಗೆ ಇದೊಂದು ಏಕೆ ಬರುವುದಿಲ್ಲ?” ಈ ಒಗ್ಗರಣೆಯಲ್ಲಿಯೇ ಉತ್ತರದ ತುದಿ ಸಿಗುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬ್ಯಾಂಕಿನ ವ್ಯವಹಾರದಲ್ಲಿ ನೀವು ಮತ್ತು ಬ್ಯಾಂಕು ಒಂದು ಪಕ್ಷ, ನಡುವೆ ಕಿವಿಗೊಟ್ಟು ಕುಳಿತ ಕಳ್ಳ ಇನ್ನೊಂದು ಪಕ್ಷ. ಗುಟ್ಟು ನಿಮ್ಮಿಬ್ಬರಿಗೆ ತಿಳಿದಿರಬೇಕು, ಮೂರನೆಯವನಿಗೆ ತಿಳಿಯಬಾರದು. ಇದು ಗಣಿತದಿಂದ ಆಗುವ ಕೆಲಸ, ಚೆನ್ನಾಗಿಯೇ ಆಗುತ್ತಿದೆ. ತಂತ್ರಾಂಶದ ಬೀಗದಲ್ಲಾದರೋ ಗುಟ್ಟನ್ನು ಯಾರಿಗೆ ಕೊಡಬೇಕೋ ಅವನಿಂದಲೇ ಮುಚ್ಚಿಡಬೇಕು. ತಂತ್ರಾಂಶ ಕೆಲಸ ಮಾಡಬೇಕಾದರೆ ಅದರ ಒಂದೊಂದು ಸೂಚನೆಯೂ ಬಿಚ್ಚಿದ ರೂಪದಲ್ಲಿ ಪ್ರೊಸೆಸರಿಗೆ ಸಿಗಲೇಬೇಕು, ಆ ಪ್ರೊಸೆಸರು ಇರುವುದು ಗಿರಾಕಿಯ ಮೇಜಿನ ಮೇಲೆ. ಬೀಗವನ್ನೂ ಕೀಲಿಕೈಯನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟ ಮೇಲೆ, ಲಕೋಟೆಯನ್ನು ಎಷ್ಟು ಸುತ್ತು ಟೇಪಿನಿಂದ ಸುತ್ತಿದ್ದೇವೆ ಎಂಬುದಷ್ಟೇ ಚರ್ಚೆಗೆ ಉಳಿಯುತ್ತದೆ.

ಇದನ್ನು ನಾನು ಮೊದಲು ಕಂಡದ್ದು ಶಿವಮೊಗ್ಗದ ಒಂದು ಡಿಟಿಪಿ ಅಂಗಡಿಯಲ್ಲಿ. ಲಗ್ನಪತ್ರಿಕೆ, ಕರಪತ್ರ, ಪ್ರಶ್ನೆಪತ್ರಿಕೆಗಳ ಅಂಗಡಿ ಅದು. ಅಲ್ಲಿನ ಕನ್ನಡ ತಂತ್ರಾಂಶದ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಡಾಂಗಲ್ ಒಂದು, ಎಂದರೆ ತಾನು ಸಿಕ್ಕಿಕೊಂಡಿರದಿದ್ದರೆ ತಂತ್ರಾಂಶ ಓಡದಂತೆ ಮಾಡುವ ಬೀಗದ ಸಾಧನ, ಬಂದಿತ್ತು. ಅದನ್ನು ಕಂಪ್ಯೂಟರಿನ ಹಿಂಭಾಗದ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ, ಪ್ರಿಂಟರಿನ ಕೇಬಲ್ಲನ್ನು ಅದರ ಬೆನ್ನಿಗೆ ಸಿಕ್ಕಿಸಬೇಕಿತ್ತು. ಕೇಬಲ್ಲಿನ ಭಾರಕ್ಕೆ ಡಾಂಗಲ್ ಜೋತುಬಿದ್ದು ಸಂಪರ್ಕ ತಪ್ಪಿದರೆ ಟೈಪು ಮಾಡುತ್ತಿದ್ದ ಪುಟ ಅಲ್ಲಿಯೇ ನಿಂತುಹೋಗುತ್ತಿತ್ತು, ಆದ್ದರಿಂದ ಮಾಲೀಕರು ಅದನ್ನು ಅಗಲವಾದ ಕಂದು ಟೇಪಿನಿಂದ ಡಬ್ಬಕ್ಕೆ ಬಿಗಿದಿದ್ದರು. ಮದುವೆಯ ಹಂಗಾಮಿನಲ್ಲಿ ಒಮ್ಮೆ ಡಾಂಗಲ್ ಕೆಟ್ಟಿತು. ಬದಲಿಗೆ ಇನ್ನೊಂದು ಬರುವವರೆಗೆ ಹನ್ನೊಂದು ದಿನ ಅಂಗಡಿಯ ಕನ್ನಡ ಕೆಲಸವೆಲ್ಲ ನಿಂತಿತು. ಎದುರುಗಡೆಯ ಅಂಗಡಿಯಲ್ಲಿ ಅದೇ ತಂತ್ರಾಂಶದ ಕ್ರ್ಯಾಕ್ ಮಾಡಿದ, ಎಂದರೆ ಬೀಗ ಮುರಿದ, ಪ್ರತಿ ಒಂದು ದಿನವೂ ನಿಲ್ಲದೆ ಓಡುತ್ತಿತ್ತು. ಹಣ ಕೊಟ್ಟವರು ಕೈಕಟ್ಟಿ ಕುಳಿತರು, ಕೊಡದವರು ಲಗ್ನಪತ್ರಿಕೆ ಅಚ್ಚುಹಾಕಿದರು.

ಕ್ರ್ಯಾಕ್ ಮಾಡುವುದೆಂದರೆ ಏನೋ ಮಹಾ ಮಾಂತ್ರಿಕ ವಿದ್ಯೆ ಎಂದು ತಿಳಿದವರಿಗಾಗಿ ಒಂದು ಸಣ್ಣ ವಿವರ. ತಂತ್ರಾಂಶ ಡಾಂಗಲಿಗೆ ಒಂದು ಸಂಖ್ಯೆಯನ್ನು ಕಳಿಸುತ್ತದೆ, ಡಾಂಗಲ್ ತಕ್ಕ ಉತ್ತರ ಕೊಡುತ್ತದೆ, ಕೊನೆಯಲ್ಲಿ ತಂತ್ರಾಂಶದೊಳಗೆ ಎಲ್ಲೋ ಒಂದು ಕಡೆ “ಉತ್ತರ ಸರಿಯಿದ್ದರೆ ಮುಂದಕ್ಕೆ ಹೋಗು, ಇಲ್ಲದಿದ್ದರೆ ನಿಲ್ಲು” ಎಂಬ ಸೂಚನೆ ಇರುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ “ಸಮವಿದ್ದರೆ ಜಿಗಿ” ಎಂಬ ಸೂಚನೆಯ ಸಂಕೇತ 74, “ಸಮವಿಲ್ಲದಿದ್ದರೆ ಜಿಗಿ” ಎಂಬುದರ ಸಂಕೇತ 75. ಸರಳವಾದ ಬೀಗವಾದರೆ ಆ ಒಂದು ಬೈಟನ್ನು ಹುಡುಕಿ 74 ಇದ್ದದ್ದನ್ನು 75 ಮಾಡಿದರೆ ಕೆಲಸ ಮುಗಿಯಿತು. ಹೀಗೆ ಮಾಡಿದ ಪ್ರತಿಯಲ್ಲಿ ಒಂದು ತಮಾಷೆಯೂ ಇದೆ. ಡಾಂಗಲ್ ಇಲ್ಲದಿದ್ದರೆ ಅದು ಸರಾಗವಾಗಿ ಓಡುತ್ತದೆ, ಅಸಲಿ ಡಾಂಗಲನ್ನು ಸಿಕ್ಕಿಸಿದರೆ “ಪರವಾನಗಿ ಇಲ್ಲ” ಎಂದು ನಿಲ್ಲುತ್ತದೆ. ಈಗಿನ ಬೀಗಗಳಲ್ಲಿ ಇಂಥ ಪರೀಕ್ಷೆಗಳು ನೂರಾರು ಇರುತ್ತವೆ, ಒಂದರೊಳಗೊಂದು ಹೆಣೆದಿರುತ್ತವೆ, ಬಿಡಿಸಲು ವಾರಗಟ್ಟಲೆ ಹಿಡಿಯಬಹುದು. ತತ್ತ್ವ ಮಾತ್ರ ಅದೇ.

ಇಷ್ಟು ಹೇಳಿದ ಮೇಲೂ ಓದುಗರು ಒಂದು ನಂಬಿಕೆಯನ್ನು ಬಿಟ್ಟುಕೊಡುವುದಿಲ್ಲ: “ಪೂರ್ತಿ ತಡೆಯಲಾಗದಿದ್ದರೂ ಬೀಗ ಎಷ್ಟು ಬಿಗಿಯಾಗಿರುತ್ತದೋ ಕಳ್ಳನಿಗೆ ಅಷ್ಟು ಕಷ್ಟ, ಪ್ರಾಮಾಣಿಕನಿಗೆ ಅದರಿಂದೇನು ತೊಂದರೆ?” ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಮನೆಯ ಬೀಗದ ಹೋಲಿಕೆಯಿಂದ ಹುಟ್ಟಿದ ತಪ್ಪು ಇದು. ಮನೆಗಳ್ಳನು ಪ್ರತಿಯೊಂದು ಮನೆಯ ಬೀಗವನ್ನೂ ಬೇರೆಬೇರೆಯಾಗಿ ಮುರಿಯಬೇಕು, ಆದ್ದರಿಂದ ಬಿಗಿಯಾದ ಬೀಗಕ್ಕೆ ಅರ್ಥವಿದೆ. ತಂತ್ರಾಂಶದ ಬೀಗವನ್ನು ಜಗತ್ತಿನಲ್ಲಿ ಒಬ್ಬ ಒಮ್ಮೆ ಮುರಿದರೆ ಸಾಕು, ಮಿಕ್ಕ ಲಕ್ಷಾಂತರ ಜನರ ಕೈಗೆ ಹೋಗುವುದು ಬೀಗವೇ ಇಲ್ಲದ ಪ್ರತಿ. ಅವರು ಬೀಗವನ್ನು ಕಣ್ಣಿನಿಂದ ನೋಡುವುದೂ ಇಲ್ಲ. ದಿನವೂ ಬೀಗದೊಡನೆ ಗುದ್ದಾಡುವವನು ಹಣ ಕೊಟ್ಟು ಕೊಂಡವನೊಬ್ಬನೇ.

ಉದಾಹರಣೆಗಳಿಗೆ ಬರವಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಮೈಕ್ರೋಸಾಫ್ಟ್ ವಿಂಡೋಸಿಗೆ ಆ್ಯಕ್ಟಿವೇಶನ್ ಪದ್ಧತಿಯನ್ನು, ಎಂದರೆ ಪ್ರತಿ ಅಸಲಿ ಎಂದು ಕಂಪನಿಯಿಂದ ಒಪ್ಪಿಗೆ ಪಡೆಯುವ ಪದ್ಧತಿಯನ್ನು, ತಂದಿತು. ದೊಡ್ಡ ಕಚೇರಿಗಳಿಗೆ ಸಗಟಾಗಿ ಮಾರುವ ಪ್ರತಿಗೆ ಆ ತಾಪತ್ರಯವಿರಲಿಲ್ಲ, ಮತ್ತು ಅಂಥ ಒಂದು ಕೀಲಿಸಂಖ್ಯೆ ಎಕ್ಸ್‌ಪಿ ಅಂಗಡಿಗೆ ಬರುವ ಮುನ್ನವೇ ಸೋರಿತ್ತು. ನಮ್ಮ ಊರುಗಳ ಅಸೆಂಬಲ್ಡ್ ಕಂಪ್ಯೂಟರುಗಳ ಅಂಗಡಿಗಳಲ್ಲಿ ಆ ಇಪ್ಪತ್ತೈದು ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡ ಹುಡುಗರಿದ್ದರು. ಆ್ಯಕ್ಟಿವೇಶನ್‌ಗಾಗಿ ಫೋನಿನಲ್ಲಿ ಉದ್ದುದ್ದ ಸಂಖ್ಯೆಗಳನ್ನು ಓದಿ ಹೇಳಿದವರು ಡಬ್ಬಿಯ ಸಮೇತ ಕೊಂಡವರು. 2007ರ ಆಗಸ್ಟ್‌ನಲ್ಲಿ ವಿಂಡೋಸಿನ ಅಸಲಿತನವನ್ನು ಪರೀಕ್ಷಿಸುವ ಸರ್ವರುಗಳಲ್ಲಿ ದೋಷವುಂಟಾಗಿ, ಹಣ ಕೊಟ್ಟು ಕೊಂಡಿದ್ದ ಸಾವಿರಾರು ಕಂಪ್ಯೂಟರುಗಳು ನಕಲಿ ಎಂಬ ಹಣೆಪಟ್ಟಿ ಹೊತ್ತವು. ಪರೀಕ್ಷೆಯನ್ನೇ ಕಿತ್ತುಹಾಕಿದ್ದ ನಕಲಿ ಪ್ರತಿಗಳಿಗೆ ಆ ದಿನವೂ ಎಂದಿನ ದಿನವೇ.

ಇನ್ನೂ ಕೆಟ್ಟ ಕಥೆ 2005ರದು. ಸೋನಿ ಬಿಎಂಜಿ ಕಂಪನಿಯು ತನ್ನ ಕೆಲವು ಸಂಗೀತದ ಸಿಡಿಗಳಲ್ಲಿ, ನಕಲು ತಡೆಯುವ ಹೆಸರಿನಲ್ಲಿ, ವಿಂಡೋಸಿನ ಒಳಹೊಟ್ಟೆಗೆ ಇಳಿದು ಕೂರುವ ತಂತ್ರಾಂಶವೊಂದನ್ನು ಸೇರಿಸಿತ್ತು. ಸಿಡಿಯನ್ನು ಹಾಕಿದವನಿಗೆ ಇದು ತಿಳಿಯುತ್ತಿರಲಿಲ್ಲ, ಏಕೆಂದರೆ ಹೆಸರು ಒಂದು ನಿರ್ದಿಷ್ಟ ಅಕ್ಷರಗುಚ್ಛದಿಂದ ಆರಂಭವಾಗುವ ಯಾವ ಕಡತವೂ ಕಾಣದಂತೆ ಅದು ಆಪರೇಟಿಂಗ್ ಸಿಸ್ಟಂನ ಕಣ್ಣಿಗೇ ಮಣ್ಣೆರಚುತ್ತಿತ್ತು. ಆ ವರ್ಷದ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ತಜ್ಞರು ತಮ್ಮದೇ ಕಂಪ್ಯೂಟರಿನಲ್ಲಿ ಇದನ್ನು ಪತ್ತೆಹಚ್ಚಿ ಬಯಲುಮಾಡಿದರು. ಕೆಲವೇ ದಿನಗಳಲ್ಲಿ ಕಿಡಿಗೇಡಿ ತಂತ್ರಾಂಶಗಳನ್ನು ಬರೆಯುವವರು ತಮ್ಮ ಕಡತಗಳಿಗೂ ಅದೇ ಅಕ್ಷರಗುಚ್ಛದ ಹೆಸರಿಟ್ಟು ಸೋನಿಯ ಮರೆಯಲ್ಲಿ ಅಡಗತೊಡಗಿದರು. ಕಂಪನಿಯು ಅದನ್ನು ಕಿತ್ತುಹಾಕಲೆಂದು ಕೊಟ್ಟ ಉಪಕರಣವು ಇನ್ನೊಂದು ಭದ್ರತಾ ರಂಧ್ರವನ್ನು ಕೊರೆಯಿತು. ಕೃತಿಸ್ವಾಮ್ಯವನ್ನು ಕಾಯಲು ಬಂದಿದ್ದ ಆ ತಂತ್ರಾಂಶದೊಳಗೆ ಬೇರೆಯವರ ಮುಕ್ತ ತಂತ್ರಾಂಶದ ತುಣುಕುಗಳನ್ನು ಪರವಾನಗಿಯ ಷರತ್ತು ಮೀರಿ ಸೇರಿಸಿಕೊಂಡಿರುವುದೂ ಕಂಡುಬಂತು. ಸಿಡಿಗಳನ್ನು ಹಿಂದೆಗೆದುಕೊಳ್ಳಬೇಕಾಯಿತು, ಮೊಕದ್ದಮೆಗಳನ್ನು ಎದುರಿಸಬೇಕಾಯಿತು. ಸಂಗೀತವನ್ನು ಕದ್ದು ಇಳಿಸಿಕೊಂಡವರ ಕಂಪ್ಯೂಟರಿಗೆ ಇದಾವುದೂ ತಟ್ಟಲಿಲ್ಲ. ಇದಕ್ಕೆ ಎರಡು ವರ್ಷ ಮೊದಲು ಬೇರೊಂದು ಕಂಪನಿಯ ಸಿಡಿ ಬೀಗವನ್ನು ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಯೊಬ್ಬರು ಪರಿಶೀಲಿಸಿ, ಸಿಡಿ ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದರೆ ಬೀಗವೇ ಬೀಳುವುದಿಲ್ಲ ಎಂದು ತೋರಿಸಿದ್ದರು. ಅವರ ಮೇಲೆ ಮೊಕದ್ದಮೆ ಹೂಡುವುದಾಗಿ ಹೇಳಿದ್ದ ಕಂಪನಿ ಬಳಿಕ ತೆಪ್ಪಗಾಯಿತು.

ಬೀಗವು ಮಾಲಿಗಿಂತ ಮೊದಲು ಸಾಯುತ್ತದೆ ಎಂಬುದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2000ರ ದಶಕದ ಬಹಳಷ್ಟು ಆಟಗಳ ಸಿಡಿಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗವಿತ್ತು. ಅದು ಕೆಲಸ ಮಾಡಲು ಬೇಕಾದ ಡ್ರೈವರ್ ಎಂಬ ಸಹಾಯಕ ತಂತ್ರಾಂಶ ಎಕ್ಸ್‌ಪಿಯೊಡನೆಯೇ ಬರುತ್ತಿತ್ತು, ಎಂದರೆ ಆಟವನ್ನೇ ಆಡದವರ ಕಂಪ್ಯೂಟರಿನಲ್ಲೂ ಇರುತ್ತಿತ್ತು. 2007ರಲ್ಲಿ ಆ ಡ್ರೈವರಿನಲ್ಲಿ, ಸಾಮಾನ್ಯ ಬಳಕೆದಾರನು ಇಡೀ ಯಂತ್ರದ ಯಜಮಾನನಾಗಲು ದಾರಿಮಾಡಿಕೊಡುವ ಲೋಪ ಕಂಡುಬಂತು. 2015ರಲ್ಲಿ ವಿಂಡೋಸ್ 10 ಅದನ್ನು ಹೊರಗೇ ಇಟ್ಟಿತು, ಅದೇ ವರ್ಷ ಹಳೆಯ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಮೂಲಕ ಅದನ್ನು ನಿಷ್ಕ್ರಿಯಗೊಳಿಸಲಾಯಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೇ. ಆದರೆ ಅಂದಿನಿಂದ ಕಪಾಟಿನಲ್ಲಿರುವ ಅಸಲಿ ಸಿಡಿಯ ಆಟ ಏಳುವುದಿಲ್ಲ, ಕ್ರ್ಯಾಕ್ ಮಾಡಿದ ಪ್ರತಿ ಏಳುತ್ತದೆ.

ಹಾಗಾದರೆ ಬೇಕೆಂದೇ ಬಿಟ್ಟಿದ್ದಾರೆಯೇ? ಅರ್ಧ ಹೌದು. 1976ರ ಫೆಬ್ರವರಿಯಲ್ಲಿ ಇಪ್ಪತ್ತು ವರ್ಷದ ಬಿಲ್ ಗೇಟ್ಸ್, ಆಲ್ಟೇರ್ ಕಂಪ್ಯೂಟರ್ ಹೊಂದಿದವರಲ್ಲಿ ನೂರಕ್ಕೆ ಹತ್ತರಷ್ಟು ಜನವೂ ತಮ್ಮ ಬೇಸಿಕ್ ತಂತ್ರಾಂಶವನ್ನು ಕೊಂಡಿಲ್ಲ, ಉಳಿದವರು ಕದ್ದಿದ್ದಾರೆ ಎಂದು ಹವ್ಯಾಸಿಗಳಿಗೆ ಬಹಿರಂಗ ಪತ್ರವನ್ನೇ ಬರೆದಿದ್ದರು. ಅದೇ ಗೇಟ್ಸ್ 1998ರಲ್ಲಿ ಚೀನಾದ ಮಾತು ಬಂದಾಗ, ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಚಟ ಹತ್ತಿದ ಮೇಲೆ ಹಣ ವಸೂಲಿಯ ದಾರಿ ನೋಡೋಣ ಎಂಬರ್ಥದ ಮಾತನ್ನಾಡಿದರು. ಮನೆಯಲ್ಲಿ ನಕಲಿ ವಿಂಡೋಸ್ ಬಳಸಿ ಕಲಿತ ಹುಡುಗ ನಾಳೆ ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಅಸಲಿ ವಿಂಡೋಸನ್ನೇ ಕೇಳುತ್ತಾನೆ, ಮತ್ತು ಕಚೇರಿಗಳು ಲೆಕ್ಕ ತಪಾಸಣೆಗೆ ಹೆದರುತ್ತವೆ. ಬೀಗದಿಂದ ಆಗುವ ನಿಜವಾದ ಕೆಲಸವೂ ಇಲ್ಲಿಯೇ ಇದೆ: ಐದು ಪರವಾನಗಿ ಕೊಂಡ ಕಚೇರಿ ಐವತ್ತು ಕಂಪ್ಯೂಟರಿಗೆ ಹಾಕದಂತೆ ನೋಡಿಕೊಳ್ಳುವುದು, ಅಥವಾ ಹೊಸ ಆಟವೊಂದರ ಮಾರಾಟದ ಮೊದಲ ಕೆಲವು ವಾರಗಳನ್ನು ಕಾಯುವುದು. ಇದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವುದು ಮೋಸಹೋಗುವುದಕ್ಕೆ ಸಮ.

ಒಡೆಯಲಾಗದ ಬೀಗ ಒಂದೇ ಒಂದಿದೆ, ಮಾಲನ್ನೇ ಕೊಡದಿರುವುದು. ತಂತ್ರಾಂಶದ ಮುಖ್ಯ ಭಾಗವನ್ನು ಕಂಪನಿಯ ಸರ್ವರಿನಲ್ಲೇ ಇಟ್ಟುಕೊಂಡು, ತಿಂಗಳ ಚಂದಾ ಪಡೆದು ಕಿಟಕಿಯಿಂದ ತೋರಿಸಿದರೆ ನಕಲು ಮಾಡಲು ನಿಮ್ಮ ಬಳಿ ಏನೂ ಇರುವುದಿಲ್ಲ. ಎಲ್ಲರೂ ಚಂದಾ ಪದ್ಧತಿಗೆ ಓಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಏಳುತ್ತದೆ: ಹಣ ಕೊಟ್ಟಾಗ ನಾವು ಕೊಂಡದ್ದಾದರೂ ಏನು? ಅನುಸ್ಥಾಪನೆಯ ಸಮಯದಲ್ಲಿ ನಾವು ಓದದೆ ಒಪ್ಪುವ ಕರಾರಿನಲ್ಲಿ “ಇದು ಮಾರಾಟವಲ್ಲ, ಪರವಾನಗಿ ಮಾತ್ರ” ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಚರ್ಚಿಸಿದವರು ತೆರಿಗೆಯ ವಕೀಲರು, ಅದಕ್ಕೆ ಮುಖ್ಯ ವೇದಿಕೆಯಾದದ್ದು ಕರ್ನಾಟಕ ಹೈಕೋರ್ಟು. ಸಿದ್ಧ ತಂತ್ರಾಂಶ ಸರಕೇ ಹೌದು, ಅದರ ಮೇಲೆ ಮಾರಾಟ ತೆರಿಗೆ ಹಾಕಬಹುದು ಎಂದು 2004ರಲ್ಲಿ ಸುಪ್ರೀಂ ಕೋರ್ಟು ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿತ್ತು. 2011ರಲ್ಲಿ ಕರ್ನಾಟಕ ಹೈಕೋರ್ಟು, ವಿದೇಶಿ ಕಂಪನಿಗೆ ಸಿದ್ಧ ತಂತ್ರಾಂಶಕ್ಕಾಗಿ ಕೊಡುವ ಹಣವು ಕೃತಿಸ್ವಾಮ್ಯವನ್ನು ಬಳಸಿದ್ದಕ್ಕೆ ಕೊಡುವ ರಾಯಧನ, ಆದ್ದರಿಂದ ಇಲ್ಲಿಯೇ ತೆರಿಗೆ ಮುರಿದುಕೊಳ್ಳಬೇಕು ಎಂದಿತು. ಎಂದರೆ ಒಂದೇ ಡಬ್ಬಿ ಒಂದು ತೆರಿಗೆಯವರಿಗೆ ಸರಕು, ಇನ್ನೊಂದು ತೆರಿಗೆಯವರಿಗೆ ಹಕ್ಕು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ನಿಲುವನ್ನು ತಳ್ಳಿಹಾಕಿತು. ಬಳಕೆದಾರನಿಗೆ ಸಿಗುವುದು ಕೃತಿಯ ಒಂದು ಪ್ರತಿಯೇ ಹೊರತು ಕೃತಿಸ್ವಾಮ್ಯದ ಯಾವ ಹಕ್ಕೂ ಅಲ್ಲ, ಆದ್ದರಿಂದ ಕೊಟ್ಟ ಹಣ ರಾಯಧನವಲ್ಲ ಎಂಬುದು ಅದರ ತೀರ್ಪು. ಪುಸ್ತಕವನ್ನು ಕೊಂಡವನು ಆ ಪ್ರತಿಗೆ ಒಡೆಯ, ಕೃತಿಗೆ ಅಲ್ಲ ಎಂಬ ಹಳೆಯ ವ್ಯತ್ಯಾಸವೇ ಇದು.

1957ರ ಕೃತಿಸ್ವಾಮ್ಯ ಕಾಯಿದೆ ನಾವು ತಿಳಿದಷ್ಟು ಕಟುವಾಗಿಲ್ಲ. ಕ್ರಮಬದ್ಧವಾಗಿ ಪಡೆದ ಪ್ರತಿಯನ್ನು ಹೊಂದಿರುವವನು, ಅದು ಹಾಳಾದರೆ ಇರಲಿ ಎಂದು ಮೀಸಲು ಪ್ರತಿ ಮಾಡಿಟ್ಟುಕೊಳ್ಳಲು 52ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ನಕಲಿ ಎಂದು ತಿಳಿದೂ ಬಳಸುವವನಿಗೆ 63-ಬಿ ಸೆಕ್ಷನ್‌ನಲ್ಲಿ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ, ಇದನ್ನು ಎದುರುಗಡೆಯ ಅಂಗಡಿಯವರು ಗಮನಿಸಬೇಕು. 2012ರ ತಿದ್ದುಪಡಿಯಿಂದ ಬಂದ 65-ಎ ಸೆಕ್ಷನ್, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿಯುವುದನ್ನು ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧವಾಗಿಸಿತು. “ಉಲ್ಲಂಘಿಸುವ ಉದ್ದೇಶದಿಂದ” ಎಂಬ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ. ಹಣ ಕೊಟ್ಟು ಕೊಂಡ ತಂತ್ರಾಂಶವನ್ನು ತನ್ನದೇ ಕೆಲಸಕ್ಕೆ ಬಳಸಲು, ಕೆಟ್ಟ ಡಾಂಗಲನ್ನು ದಾಟುವವನಿಗೂ ಮಾರಾಟಕ್ಕೆಂದು ನಕಲಿ ಸಿಡಿ ಮಾಡುವವನಿಗೂ ಆ ಮಾತಿನಿಂದ ವ್ಯತ್ಯಾಸ ಏರ್ಪಡುತ್ತದೆ ಎಂದು ನಾನು ಓದಿಕೊಂಡಿದ್ದೇನೆ. ನಾನು ವಕೀಲನಲ್ಲ.

ಇದನ್ನು ಶಿವಮೊಗ್ಗದ ಆ ಮಾಲೀಕರಿಗೂ ಹೇಳಿದ್ದೆ. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ, ಹದಿನೈದು ವರ್ಷದ ಕಡತಗಳೆಲ್ಲ ಆ ತಂತ್ರಾಂಶದ ಅಕ್ಷರಗಳಲ್ಲಿವೆ, ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅವರು ತಲೆಯಾಡಿಸಿ, “ಬೇಡ ಬಿಡಿ ಸಾರ್, ದುಡ್ಡು ಕೊಟ್ಟು ತಗೊಂಡಿದ್ದು, ಯಾಕೆ ಮುರಿಯೋದು” ಎಂದರು. ಅದೊಂದರ ಸಲುವಾಗಿ ಹಳೆಯ ಪೆಂಟಿಯಂ ಒಂದು ಅಂಗಡಿಯ ಮೂಲೆಯಲ್ಲಿ ಇನ್ನೂ ಓಡುತ್ತಿದೆ. ಡಾಂಗಲಿನ ಮೇಲಿನ ಟೇಪನ್ನು ಎರಡು ಸಲ ಬದಲಿಸಿದ್ದಾರೆ.